ಹಿಟ್ ಹಾಡು ನೆಲೆಯೂರುವ ಜಾಗ: ಅಮೆರಿಕದ ‘ಎಸಿ’ ರೇಡಿಯೊದ ಒಳಲೆಕ್ಕ

ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾದಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿಬಂದ ಕನ್ನಡಿಗರಿಗೆ ಈ ಅನುಭವ ಹೊಸದಲ್ಲ. ಕಾಯುವ ಕೋಣೆಯ ಚಾವಣಿಯಲ್ಲಿ ಒಂದು ಸಣ್ಣ ಸ್ಪೀಕರು, ಅದರಿಂದ ತೆಳ್ಳಗೆ ಕೇಳಿಬರುವ ಒಂದು ಹಾಡು. ಯಾರು ಹಾಡಿದ್ದು ಎಂದರೆ ಥಟ್ಟನೆ ಹೇಳಲಾಗದು. ಆದರೆ ಪಲ್ಲವಿ ಬರುವ ಹೊತ್ತಿಗೆ ತುಟಿ ತಾನಾಗಿ ಅಲ್ಲಾಡುತ್ತದೆ. ಆ ಹಾಡು ಬಂದು ಹದಿನೈದು ವರ್ಷವಾಗಿರಬಹುದು, ಮೂವತ್ತೂ ಆಗಿರಬಹುದು.

ಇಂಥ ಹಾಡುಗಳನ್ನೇ ದಿನವಿಡೀ ಹಾಕುವ ಸ್ಟೇಷನ್ನುಗಳ ಬಗೆಗೆ ಅಲ್ಲಿನ ರೇಡಿಯೊದವರು ಇಟ್ಟ ಹೆಸರು ‘ಅಡಲ್ಟ್ ಕಂಟೆಂಪರರಿ’, ಬಾಯಿಮಾತಿನಲ್ಲಿ ‘ಎಸಿ’. ಬೇ ಏರಿಯಾದಲ್ಲಿ 96.5ರ ಕೆಒಐಟಿ, ನ್ಯೂಯಾರ್ಕಿನಲ್ಲಿ 106.7ರ ಲೈಟ್ ಎಫ್‌ಎಂ, ಲಾಸ್ ಏಂಜಲೀಸಿನಲ್ಲಿ 103.5ರ ಕೋಸ್ಟ್ ಈ ಜಾತಿಯವು. ಸಂಗೀತ ವಿಮರ್ಶಕರು ಇವನ್ನು ಲಿಫ್ಟಿನಲ್ಲಿ ಕೇಳುವ ಸಂಗೀತವೆಂದು ಬದಿಗೆ ಸರಿಸಿದ್ದೇ ಹೆಚ್ಚು. ಅದು ಅನ್ಯಾಯ. ಪಾಪ್ ಹಾಡು ಹುಟ್ಟುವುದು, ಗಲಾಟೆ ಎಬ್ಬಿಸುವುದು ಬೇರೆ ಕಡೆ. ಆ ಗಲಾಟೆ ಇಳಿದ ಮೇಲೆ ಯಾವ ಹಾಡು ಜನರ ನೆನಪಿನಲ್ಲಿ ಉಳಿಯಬೇಕು, ಯಾವುದು ಅಳಿಯಬೇಕು ಎಂಬುದನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಹುಪಾಲು ತೀರ್ಮಾನಿಸಿದ್ದು ಈ ಸ್ಟೇಷನ್ನುಗಳು. ಆ ತೀರ್ಮಾನ ಆಗುವ ಬಗೆಯಲ್ಲಿ ಅಭಿರುಚಿಗಿಂತ ಲೆಕ್ಕದ ಪಾಲು ದೊಡ್ಡದು. ಆ ಲೆಕ್ಕವನ್ನು ಬಿಡಿಸಿ ನೋಡೋಣ.

ರಾಕ್ ಬೇಡವೆಂದವರ ಪಟ್ಟಿ

1950ರ ದಶಕದಲ್ಲಿ ನೆಬ್ರಾಸ್ಕಾದ ಒಮಾಹಾದಲ್ಲಿ ಟಾಡ್ ಸ್ಟಾರ್ಜ್ ಎಂಬ ಸ್ಟೇಷನ್ ಮಾಲೀಕರು ಒಂದು ಪದ್ಧತಿ ತಂದರು. ಜ್ಯೂಕ್‌ಬಾಕ್ಸಿಗೆ ಕಾಸು ಹಾಕುವ ಜನ ನೂರು ಹಾಡು ಇದ್ದರೂ ಕೆಲವನ್ನೇ ಮತ್ತೆಮತ್ತೆ ಕೇಳುತ್ತಾರೆ, ಹಾಗಾದರೆ ರೇಡಿಯೊ ಕೂಡ ಅದನ್ನೇ ಮಾಡಲಿ ಎಂದು. ಟಾಪ್ 40 ರೇಡಿಯೊ ಬೆಳೆದದ್ದು ಹೀಗೆ. ಅದೇ ಕಾಲಕ್ಕೆ ರಾಕ್ ಅಂಡ್ ರೋಲ್ ಬಂತು, ಟಾಪ್ 40 ಹದಿಹರೆಯದವರ ಪಾಲಾಯಿತು. ಅವರ ಅಪ್ಪ ಅಮ್ಮಂದಿರಿಗೆ ಹಾಡು ಬೇಕಿತ್ತು, ಆದರೆ ಆ ಸದ್ದು ಬೇಡವಾಗಿತ್ತು.

ಆ ಕೇಳುಗರಿಗೆ ಹಾಡು ಹಾಕುವ ಸ್ಟೇಷನ್ನುಗಳಿಗಾಗಿ ಬಿಲ್‌ಬೋರ್ಡ್ ಪತ್ರಿಕೆ 1961ರ ಜುಲೈ 17ರಂದು 20 ಹಾಡುಗಳ ಒಂದು ಪಟ್ಟಿ ಶುರುಮಾಡಿತು. ಹೆಸರು ‘ಈಸಿ ಲಿಸನಿಂಗ್’. ಮೊದಲ ವಾರ ಮೊದಲ ಸ್ಥಾನದಲ್ಲಿದ್ದದ್ದು ಬ್ರೂಕ್ ಬೆಂಟನ್ ಹಾಡಿದ ‘ದಿ ಬೋಲ್ ವೀವಿಲ್ ಸಾಂಗ್’. ಪಟ್ಟಿ ತಯಾರಾಗುತ್ತಿದ್ದ ಬಗೆ ಗಮನಿಸುವಂಥದ್ದು. ಮೊದಲ ಕೆಲವು ವರ್ಷ ಇದಕ್ಕೆಂದು ಬೇರೆ ಎಣಿಕೆ ಇರಲಿಲ್ಲ. ಎಲ್ಲ ಬಗೆಯ ಹಿಟ್ ಹಾಡುಗಳ ತಮ್ಮ ಮುಖ್ಯ ಪಟ್ಟಿಯಾದ ‘ಹಾಟ್ 100’ ಅನ್ನು ಮುಂದಿಟ್ಟುಕೊಂಡು, ರಾಕ್ ಅನ್ನಿಸಿದ್ದನ್ನು ಹೊಡೆದುಹಾಕಿ, ಉಳಿದದ್ದನ್ನು ಅದೇ ಕ್ರಮದಲ್ಲಿ ಬರೆಯುತ್ತಿದ್ದರು. 1965ರಲ್ಲಿ ಸ್ವತಂತ್ರ ಎಣಿಕೆ ಬಂತು. ಅಂದರೆ ಈ ಬಗೆಯ ರೇಡಿಯೊದ ಮೊದಲ ಗುರುತೇ ‘ಇದು ಬೇಡ’ ಎಂಬುದು. ಆ ಗುಣ ಇಂದಿಗೂ ಹೋಗಿಲ್ಲ.

1960ರ ದಶಕದ ಕೊನೆಗೆ ಇನ್ನೊಂದು ಪೀಳಿಗೆ ಮೂವತ್ತರ ಹತ್ತಿರ ಬಂತು. ಇವರು ರಾಕ್ ಕೇಳಿಯೇ ಬೆಳೆದವರು. ಮನೆ, ಮಕ್ಕಳು, ಕೆಲಸ ಎಂದು ಜೀವನ ನಿಧಾನವಾದಾಗ ಇವರಿಗೆ ತಂದೆತಾಯಿಯರ ವಾದ್ಯವೃಂದದ ಸಂಗೀತ ಬೇಕಿರಲಿಲ್ಲ, ತಮ್ಮದೇ ಕಾಲದ ಸಂಗೀತ ಸ್ವಲ್ಪ ತಣ್ಣಗಾಗಿ ಬೇಕಿತ್ತು. ಜೊತೆಗೆ 1961ರಲ್ಲೇ ಅನುಮತಿ ಸಿಕ್ಕಿದ್ದ ಎಫ್‌ಎಂ ಸ್ಟೀರಿಯೊ ಆ ಹೊತ್ತಿಗೆ ಮನೆಗಳಿಗೂ ಕಾರುಗಳಿಗೂ ಬರುತ್ತಿತ್ತು. ಪಿಸುದನಿಯ ಹಾಡು, ಅಕೌಸ್ಟಿಕ್ ಗಿಟಾರು, ಪದರಪದರವಾದ ಕೋರಸ್ ದನಿ ಇವೆಲ್ಲ ಎಎಂ ಗೊರಗೊರದಲ್ಲಿ ಸಾಯುತ್ತವೆ, ಎಫ್‌ಎಂನಲ್ಲಿ ಅರಳುತ್ತವೆ. 1979ರ ಏಪ್ರಿಲ್ 7ರಂದು ಬಿಲ್‌ಬೋರ್ಡ್ ಪಟ್ಟಿಯ ಹೆಸರನ್ನೇ ‘ಅಡಲ್ಟ್ ಕಂಟೆಂಪರರಿ’ ಎಂದು ಬದಲಿಸಿತು.

ಈ ಸಂಧಿಕಾಲದ ದನಿ ಕಾರ್ಪೆಂಟರ್ಸ್. ಕ್ಯಾರೆನ್ ಕಾರ್ಪೆಂಟರ್ ಅವರ ತಗ್ಗಿನ, ಮೈಕಿಗೆ ತೀರ ಹತ್ತಿರದಿಂದ ಬರುವ ಗಂಟಲು, ಅಣ್ಣ ರಿಚರ್ಡ್ ಕೂಡಿಸಿದ ಹಲವು ಪದರದ ಹಿನ್ನೆಲೆ ದನಿ. 1970ರ ‘ಕ್ಲೋಸ್ ಟು ಯೂ’ ಈಸಿ ಲಿಸನಿಂಗ್ ಪಟ್ಟಿಯ ತುದಿಯಲ್ಲಿ ಆರು ವಾರ, ಹಾಟ್ 100ರಲ್ಲಿ ನಾಲ್ಕು ವಾರ ಕೂತಿತ್ತು. ಆದರೆ 1972ರಲ್ಲಿ ಅವರದೇ ‘ಗುಡ್‌ಬೈ ಟು ಲವ್’ ಬಂದಾಗ ಬೇರೆಯೇ ಆಯಿತು. ಮೃದುವಾದ ಆ ವಿಷಾದಗೀತೆಯ ಮಧ್ಯೆ ಟೋನಿ ಪೆಲೂಸೊ ನುಡಿಸಿದ ಕರಕರ ಫಜ್ ಗಿಟಾರಿನ ಸೋಲೊ ಇದೆ. ಅಭಿಮಾನಿಗಳಿಂದ ಸಿಟ್ಟಿನ ಪತ್ರಗಳು ಬಂದವು, ಕೆಲವು ಸ್ಟೇಷನ್ನುಗಳು ಹಾಡನ್ನು ಮುಟ್ಟಲಿಲ್ಲ. ಇಷ್ಟಾಗಿಯೂ ಅದು ಈಸಿ ಲಿಸನಿಂಗ್ ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೆ ಹೋಯಿತು. ಇಂದು ಕೇಳಿದರೆ ಆ ಸೋಲೊ ಇಲ್ಲದೆ ಹಾಡೇ ಇಲ್ಲ. ಆದರೂ ಅರ್ಧ ನಿಮಿಷದ ಗಿಟಾರಿಗೆ ಅಷ್ಟು ವಿರೋಧ ಏಕೆ ಬಂತು ಎಂಬುದಕ್ಕೆ ಒಂದು ಸರಳ ಗಣಿತವಿದೆ.

ಎಂಟು ಜನ, ಒಂದು ರೇಡಿಯೊ

ಎಸಿ ಸ್ಟೇಷನ್ನಿನ ಜೀವಾಳ ಆಫೀಸು, ಅಂಗಡಿ, ಕ್ಲಿನಿಕ್ಕು. ಜಾಹೀರಾತುದಾರರು ಬಯಸುವ ಮುಖ್ಯ ಕೇಳುಗರು 25ರಿಂದ 54 ವಯಸ್ಸಿನ ಹೆಂಗಸರು, ಏಕೆಂದರೆ ಮನೆಯ ಖರ್ಚಿನ ಬಹುಭಾಗ ಅವರ ಕೈಯಲ್ಲಿ. ಅವರಲ್ಲಿ ದೊಡ್ಡ ಪಾಲು ಹಗಲು ಕೆಲಸದ ಜಾಗದಲ್ಲಿ ರೇಡಿಯೊ ಕೇಳುವವರು, ಅದೂ ಒಬ್ಬರೇ ಅಲ್ಲ.

ಎಂಟು ಜನರಿರುವ ಒಂದು ಆಫೀಸು ಎಂದುಕೊಳ್ಳಿ. ಒಂದು ಹಾಡು ನೂರಕ್ಕೆ 20 ಜನರಿಗೆ ಇಷ್ಟವಿಲ್ಲ, ಉಳಿದ 80 ಜನರಿಗೆ ಪ್ರಾಣ. ಒಳ್ಳೆಯ ಹಾಡೇ ಅಲ್ಲವೇ? ಆದರೆ ಆ ಕೋಣೆಯ ಎಂಟೂ ಜನರಲ್ಲಿ ಒಬ್ಬರಿಗೂ ಅದು ಬೇಡವಾಗದಿರುವ ಸಂಭವ 0.8ನ್ನು ಎಂಟು ಸಲ ಗುಣಿಸಿದಷ್ಟು, ಅಂದರೆ ಸುಮಾರು 17%. ನೂರು ಆಫೀಸಿನಲ್ಲಿ 83ರಲ್ಲಿ ಯಾರಾದರೊಬ್ಬರು ಮುಖ ಸಿಂಡರಿಸುತ್ತಾರೆ. ಇನ್ನೊಂದು ಹಾಡು ಯಾರಿಗೂ ಪ್ರಾಣವಲ್ಲ, ಆದರೆ ಬೇಡವೆನ್ನುವವರು ನೂರಕ್ಕೆ 5 ಮಾತ್ರ. ಆಗ ಅದೇ ಲೆಕ್ಕದಲ್ಲಿ 66% ಆಫೀಸುಗಳಲ್ಲಿ ತಕರಾರೇ ಇಲ್ಲ. ಕಾರಿನಲ್ಲಿ ಒಬ್ಬನೇ ಕೂತ ಹದಿನೆಂಟರ ಹುಡುಗನಿಗೆ ಮೊದಲ ಹಾಡು ಸರಿ, ಎಂಟು ಜನರ ಕೋಣೆಗೆ ಎರಡನೆಯದು.

ಎಸಿ ಹಾಡುಗಳು ‘ಸಪ್ಪೆ’ ಎಂಬ ಮಾತಿನ ಮೂಲ ಇಲ್ಲಿದೆ. ಹಾಡು ಆರಿಸುವ ಪ್ರೋಗ್ರಾಂ ಡೈರೆಕ್ಟರಿಗೆ ಧೈರ್ಯವಿಲ್ಲ ಎಂದಲ್ಲ. ಪ್ರೀತಿಯನ್ನು ಹೆಚ್ಚಿಸುವುದಕ್ಕಿಂತ ಬೇಸರವನ್ನು ತಗ್ಗಿಸುವುದು ಗುಂಪಿನ ಕೇಳುವಿಕೆಯಲ್ಲಿ ಹೆಚ್ಚು ಫಲ ಕೊಡುತ್ತದೆ. ಮದುವೆ ಮನೆಯ ಊಟದಲ್ಲಿ ಬಾಣಸಿಗರು ಸಾರಿಗೆ ಖಾರ ಕಮ್ಮಿ ಹಾಕುವ ಕಾರಣವೂ ಇದೇ.

ಹತ್ತು ಸೆಕೆಂಡಿನ ಪರೀಕ್ಷೆ

ಬೇಡವೆನ್ನುವವರು 5% ಅಥವಾ 20% ಎಂದು ಸ್ಟೇಷನ್ನಿಗೆ ಹೇಗೆ ಗೊತ್ತಾಗುತ್ತದೆ? ಕೇಳಿಯೇ. ದಶಕಗಳ ಕಾಲ ಇದಕ್ಕೆ ಎರಡು ದಾರಿ ಇದ್ದವು. ಹೊಸ ಹಾಡುಗಳಿಗೆ ‘ಕಾಲೌಟ್’: ಕೇಳುಗರಿಗೆ ಫೋನ್ ಮಾಡಿ 7ರಿಂದ 10 ಸೆಕೆಂಡಿನ ತುಣುಕು ಕೇಳಿಸಿ ಅಂಕ ಕೇಳುವುದು. ಆ ತುಣುಕಿನ ಹೆಸರು ‘ಹುಕ್’, ಹೆಚ್ಚಾಗಿ ಪಲ್ಲವಿಯ ಎದ್ದುಕಾಣುವ ಸಾಲು. ಹಳೆಯ ಹಾಡುಗಳಿಗೆ ‘ಆಡಿಟೋರಿಯಂ ಟೆಸ್ಟ್’: ಒಂದು ಹೋಟೆಲಿನ ಹಾಲಿನಲ್ಲಿ ಸುಮಾರು ನೂರು ಜನರನ್ನು ಸಂಭಾವನೆ ಕೊಟ್ಟು ಕೂರಿಸಿ, ಒಂದೇ ಬೈಠಕ್ಕಿನಲ್ಲಿ ನೂರಾರು ಹುಕ್‌ಗಳನ್ನು ಒಂದರ ಹಿಂದೆ ಒಂದು ಕೇಳಿಸುವುದು. ಈಗ ಇದರಲ್ಲಿ ಬಹುಪಾಲು ಇಂಟರ್ನೆಟ್ಟಿನಲ್ಲಿ ನಡೆಯುತ್ತದೆ, ತತ್ವ ಬದಲಾಗಿಲ್ಲ.

ಪ್ರತಿ ಹಾಡಿಗೂ ಮೂರು ವಿಷಯ ತಿಳಿಯಬೇಕು: ಹಾಡು ಗೊತ್ತಿದೆಯೇ, ಎಷ್ಟು ಇಷ್ಟ, ಕೇಳಿಕೇಳಿ ಸಾಕಾಗಿದೆಯೇ. ಮೂರನೆಯದನ್ನು ರೇಡಿಯೊದವರು ‘ಬರ್ನ್’ ಎನ್ನುತ್ತಾರೆ. ಇಷ್ಟ ಮತ್ತು ಬರ್ನ್ ಎರಡೂ ಹೆಚ್ಚಿರುವ ಹಾಡನ್ನು ತೆಗೆದುಹಾಕುವುದಿಲ್ಲ, ಕೆಲವು ತಿಂಗಳು ಮಲಗಿಸುತ್ತಾರೆ. ವಿಶ್ರಾಂತಿ ಮುಗಿಸಿ ಬಂದಾಗ ಅದಕ್ಕೆ ಮತ್ತೆ ಅಂಕ ಬೀಳುತ್ತದೆ. ಬರ್ನ್ ಕಡಿಮೆ, ಇಷ್ಟವೂ ಕಡಿಮೆ, ಆದರೆ ಎಲ್ಲರಿಗೂ ಗೊತ್ತು ಎಂಬ ಹಾಡನ್ನು ಕೈಬಿಡುತ್ತಾರೆ.

ಕೆಡುವುದು ಎಲ್ಲಿ? ಮೊದಲನೆಯದು ಹುಕ್ ಕತ್ತರಿಸುವಲ್ಲಿ. ಪಲ್ಲವಿ ಬಿಟ್ಟು ಶುರುವಿನ ಪಿಯಾನೊ ಕೇಳಿಸಿದರೆ, ಜನ ಮೆಚ್ಚಿದ ಹಾಡೇ ‘ಗೊತ್ತಿಲ್ಲ’ ಎಂಬ ಉತ್ತರ ಪಡೆಯುತ್ತದೆ. ಎರಡನೆಯದು ದಣಿವು. ನಾಲ್ಕುನೂರನೇ ತುಣುಕಿನ ಹೊತ್ತಿಗೆ ಎಲ್ಲದಕ್ಕೂ ಒಂದೇ ಅಂಕ ಬೀಳತೊಡಗುತ್ತದೆ, ಆದ್ದರಿಂದ ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ಹಾಡುಗಳನ್ನು ಉಲ್ಟಾ ಕ್ರಮದಲ್ಲಿ ಕೇಳಿಸಬೇಕು. ಮೂರನೆಯದೇ ಅತಿ ದೊಡ್ಡದು: ಗೊತ್ತಿಲ್ಲದ ಹಾಡಿಗೆ ಹತ್ತು ಸೆಕೆಂಡಿನಲ್ಲಿ ಯಾರೂ ಒಳ್ಳೆಯ ಅಂಕ ಕೊಡುವುದಿಲ್ಲ. ನಿಧಾನವಾಗಿ ತೆರೆದುಕೊಳ್ಳುವ ಹಾಡು, ಕೊನೆಯ ಚರಣದಲ್ಲಿ ಎದೆಗೆ ತಾಕುವ ಹಾಡು ಈ ಜರಡಿಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಮೇನ್‌ಸ್ಟ್ರೀಮ್ ಎಸಿ ಸ್ಟೇಷನ್ನು ಹೊಸ ಹಾಡನ್ನು ತಾನೇ ಹುಡುಕುವುದು ಅಪರೂಪ. ಟಾಪ್ 40 ಸ್ಟೇಷನ್ನುಗಳು, ಆಮೇಲೆ ‘ಹಾಟ್ ಎಸಿ’ ಎಂಬ ಸ್ವಲ್ಪ ಚುರುಕಿನ ತಂಗಿ ಸ್ಟೇಷನ್ನುಗಳು ಹಾಡನ್ನು ಮನೆಮಾತು ಮಾಡುವವರೆಗೆ ಕಾಯುತ್ತದೆ. ಹಾಟ್ ಎಸಿಗೆ ಬಿಲ್‌ಬೋರ್ಡ್ 1996ರಲ್ಲಿ ‘ಅಡಲ್ಟ್ ಟಾಪ್ 40’ ಎಂಬ ಬೇರೆ ಪಟ್ಟಿಯನ್ನೇ ಮಾಡಿತು.

ಹನ್ನೆರಡರ ಬದಲು ಹನ್ನೊಂದು

ಆರಿಸಿದ ಹಾಡುಗಳನ್ನು ದಿನದ ಮೇಲೆ ಹರಡುವುದು ಮುಂದಿನ ಕೆಲಸ. ಹಿಂದೆ ಪ್ರತಿ ಹಾಡಿಗೂ ಒಂದು ಕಾರ್ಡು ಇರುತ್ತಿತ್ತು. ಡಬ್ಬಿಯ ಮುಂದಿನ ಕಾರ್ಡು ತೆಗೆದು ಹಾಡು ಹಾಕಿ, ಕಾರ್ಡನ್ನು ಹಿಂದಕ್ಕೆ ಸೇರಿಸಬೇಕು. ಬೇಡದ ಕಾರ್ಡನ್ನು ಡಿಜೆ ಮೆಲ್ಲಗೆ ದಾಟಿಸಿಬಿಟ್ಟರೆ ಲೆಕ್ಕವೆಲ್ಲ ತಪ್ಪು. 1979ರಲ್ಲಿ ಆಂಡ್ರ್ಯೂ ಇಕಾನಮಾಸ್ ಕಟ್ಟಿದ ಆರ್‌ಸಿಎಸ್ ಕಂಪನಿಯ ‘ಸೆಲೆಕ್ಟರ್’ ಎಂಬ ಸಾಫ್ಟ್‌ವೇರ್ ಈ ಡಬ್ಬಿಯನ್ನು ಕಂಪ್ಯೂಟರಿಗೆ ಏರಿಸಿತು.

ಹಾಡುಗಳನ್ನು ಗುಂಪು ಮಾಡುತ್ತಾರೆ. ಈಗ ಓಡುತ್ತಿರುವವು ‘ಕರೆಂಟ್’, ಇತ್ತೀಚೆಗಷ್ಟೇ ಪಟ್ಟಿಯಿಂದ ಇಳಿದವು ‘ರಿಕರೆಂಟ್’, ಹಳೆಯವು ‘ಗೋಲ್ಡ್’. ಗಂಟೆಗೆ 12 ಹಾಡು ಹಾಕುವ ಸ್ಟೇಷನ್ನು ಎಂದುಕೊಂಡರೆ ಎರಡು ಕರೆಂಟ್, ಎರಡು ರಿಕರೆಂಟ್, ಎಂಟು ಗೋಲ್ಡ್ ಎಂಬುದು ಎಸಿಗೆ ಹೊಂದುವ ಹಂಚಿಕೆ. ಟಾಪ್ 40ಯಲ್ಲಿ ಈ ಪ್ರಮಾಣ ತಿರುಗುಮುರುಗು.

ಈಗ ಕರೆಂಟ್ ಗುಂಪಿನಲ್ಲಿ 12 ಹಾಡು ಇಟ್ಟರೆ ಏನಾಗುತ್ತದೆ ನೋಡಿ. ಗಂಟೆಗೆ ಎರಡು, ಹಾಗಾಗಿ ಆರು ಗಂಟೆಗೆ ಒಂದು ಸುತ್ತು. ದಿನಕ್ಕೆ ಸರಿಯಾಗಿ ನಾಲ್ಕು ಸುತ್ತು. ಬೆಳಿಗ್ಗೆ 8ಕ್ಕೆ ಆಫೀಸಿಗೆ ಹೊರಟವಳಿಗೆ ಸೋಮವಾರ ಕೇಳಿದ ಅದೇ ಎರಡು ಹಾಡು ಮಂಗಳವಾರವೂ, ಬುಧವಾರವೂ, ಶುಕ್ರವಾರದವರೆಗೂ. ವಾರದ ಕೊನೆಗೆ ಅವಳು ಹೇಳುವುದು ‘ಈ ಸ್ಟೇಷನ್ನು ಎರಡೇ ಹಾಡು ಹಾಕುತ್ತದೆ’ ಎಂದು. ಗುಂಪಿನಿಂದ ಒಂದು ಹಾಡು ತೆಗೆದು 11 ಮಾಡಿ. ಸುತ್ತು ಐದೂವರೆ ಗಂಟೆಯಾಗುತ್ತದೆ. ದಿನಕ್ಕೆ ಇರುವ 48 ಜಾಗಗಳನ್ನು 11ರಿಂದ ಭಾಗಿಸಿದರೆ ಶೇಷ 4, ಆದ್ದರಿಂದ ಪ್ರತಿದಿನ ಸರದಿ ನಾಲ್ಕು ಹಾಡಿನಷ್ಟು ಜರುಗುತ್ತದೆ. ಅದೇ 8ರ ಗಂಟೆಯಲ್ಲಿ ಐದು ದಿನಕ್ಕೆ ಸೇರಿ ಎಂಟು ಬೇರೆಬೇರೆ ಹಾಡು ಬೀಳುತ್ತವೆ. ಹಾಡು ಕಮ್ಮಿ ಮಾಡಿದ ಮೇಲೆ ವೈವಿಧ್ಯ ಜಾಸ್ತಿಯಾಯಿತು. ಈ ಕೆಲಸ ಕಲಿಯುವವರು ಮೊದಲು ಎಡವುವುದು ಇಲ್ಲೇ.

ಗೋಲ್ಡ್ ಗುಂಪಿಗೂ ಇದೇ ನಿಯಮ. 300 ಹಾಡು, ಗಂಟೆಗೆ 8 ಎಂದರೆ 37.5 ಗಂಟೆಗೆ ಒಂದು ಸುತ್ತು: ಸೋಮವಾರ ಬೆಳಿಗ್ಗೆ 8ಕ್ಕೆ ಬಂದ ಹಾಡು ಮತ್ತೆ ಮಂಗಳವಾರ ರಾತ್ರಿ ಒಂಬತ್ತೂವರೆಗೆ, ಆಮೇಲೆ ಗುರುವಾರ ಬೆಳಿಗ್ಗೆ 11ಕ್ಕೆ. ಚೆನ್ನಾಗಿದೆ. ಗುಂಪಿನಲ್ಲಿ 192 ಹಾಡು ಇದ್ದರೆ ಸುತ್ತು ಸರಿಯಾಗಿ 24 ಗಂಟೆ, ಮತ್ತೆ ಅದೇ ಪಾಡು.

ಇದರ ಮೇಲೆ ಅಂತರದ ನಿಯಮಗಳು ಬರುತ್ತವೆ. ಒಬ್ಬರೇ ಗಾಯಕರ ಎರಡು ಹಾಡಿನ ಮಧ್ಯೆ ಇಷ್ಟು ನಿಮಿಷ ಇರಬೇಕು, ತೀರ ನಿಧಾನದ ಎರಡು ಹಾಡು ಒಟ್ಟಿಗೆ ಬರಬಾರದು, ಎಂಬತ್ತರ ದಶಕದ ಹಾಡಿನ ಬೆನ್ನಿಗೆ ಮತ್ತೊಂದು ಎಂಬತ್ತರದು ಬೇಡ, ಹೀಗೆ. ನಿಯಮ ಜಾಸ್ತಿಯಾದರೆ ಸಾಫ್ಟ್‌ವೇರ್ ಸೋಲುತ್ತದೆ, ಆದರೆ ಸೋತದ್ದು ತೋರುವುದಿಲ್ಲ. ಎಲ್ಲಿ ಬೇಕಾದರೂ ಕೂರುವ ಮಧ್ಯಮ ಗತಿಯ ಹಾಡುಗಳನ್ನೇ ಅದು ಮತ್ತೆಮತ್ತೆ ಎತ್ತಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಮೊದಲ ಹತ್ತರಲ್ಲಿ ಬಂದ ಒಂದು ನಿಧಾನದ ಹಾಡು ವಾರಗಟ್ಟಲೆ ಮೂಲೆಯಲ್ಲಿ ಬಿದ್ದಿರುತ್ತದೆ. ಪ್ರತಿ ಹಾಡು ತಿಂಗಳಲ್ಲಿ ಎಷ್ಟು ಸಲ, ಯಾವ ಗಂಟೆಯಲ್ಲಿ ಬಂತು ಎಂಬ ವರದಿಯನ್ನು ಕಣ್ಣಿಟ್ಟು ನೋಡದ ಹೊರತು ಇದು ಗೊತ್ತಾಗುವುದೇ ಇಲ್ಲ.

ಜಾಹೀರಾತಿನ ಜಾಗವನ್ನೂ ಲೆಕ್ಕವೇ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ ಕೇಳುಗರನ್ನು ಕಾಲು ಗಂಟೆಯ ತುಂಡುಗಳಲ್ಲಿ ಎಣಿಸುತ್ತಾರೆ. ಬಹುಕಾಲ ಇದ್ದ ನಿಯಮದಂತೆ ಒಂದು ಕಾಲು ಗಂಟೆಯಲ್ಲಿ ಐದು ನಿಮಿಷ ಕೇಳಿದರೆ ಆ ಇಡೀ ತುಂಡು ಸ್ಟೇಷನ್ನಿನ ಖಾತೆಗೆ. 2025ರಿಂದ ದೊಡ್ಡ ನಗರಗಳ ಮಾಪನದಲ್ಲಿ ಅದು ಮೂರು ನಿಮಿಷಕ್ಕೆ ಇಳಿಯಿತು. ಐದು ನಿಮಿಷದ ನಿಯಮದಡಿ ಜಾಹೀರಾತನ್ನು 18ನೇ ನಿಮಿಷದಿಂದ 24ರವರೆಗೆ ಇಟ್ಟರೆ, 15ನೇ ನಿಮಿಷ ದಾಟಿ ಮೂರು ನಿಮಿಷ ಕೇಳಿದವರು ಜಾಹೀರಾತು ಬಂದ ಕೂಡಲೇ ಎದ್ದುಹೋದರೆ ಎರಡನೆಯ ತುಂಡು ನಷ್ಟ. 12ರಿಂದ 18ರವರೆಗೆ, ಅಂದರೆ 15ರ ಗಡಿಯ ಆಚೀಚೆ ಹಾಸಿದರೆ ಎರಡೂ ತುಂಡಿನಲ್ಲಿ ಹನ್ನೆರಡು ಹನ್ನೆರಡು ನಿಮಿಷ ಸಂಗೀತ ಉಳಿಯುತ್ತದೆ. ಕೇಳುಗರಿಗೆ ಕಾಣದ ಈ ಗಡಿಯಾರವೇ ಹಾಡಿನ ಉದ್ದವನ್ನು, ಯಾವ ಹಾಡು ಯಾವುದರ ಹಿಂದೆ ಬರಬೇಕೆಂಬುದನ್ನು ಹಿಡಿದಿಟ್ಟಿರುತ್ತದೆ.

ಪಟ್ಟಿ ನಿಂತುಹೋದ ವರ್ಷ

1993ರ ಜುಲೈವರೆಗೆ ಎಸಿ ಪಟ್ಟಿ ತಯಾರಾಗುತ್ತಿದ್ದದ್ದು ಸ್ಟೇಷನ್ನುಗಳು ಬಾಯಿಮಾತಿನಲ್ಲಿ ಕೊಟ್ಟ ವರದಿಯಿಂದ. ಯಾವ ಹಾಡು ಹೆಚ್ಚು ಹಾಕುತ್ತೀರಿ ಎಂದು ಕೇಳಿದಾಗ ಪ್ರೋಗ್ರಾಂ ಡೈರೆಕ್ಟರು ಹೇಳಿದ್ದೇ ಸತ್ಯ. ರೆಕಾರ್ಡ್ ಕಂಪನಿಗಳಿಗೆ ತಮ್ಮ ಹೊಸ ಹಾಡು ಮೇಲೇರಬೇಕು, ಅದಕ್ಕೆ ಹಳೆಯದು ಕೆಳಗಿಳಿಯಬೇಕು. ಹಾಗಾಗಿ ಸ್ಟೇಷನ್ನಿನಲ್ಲಿ ದಿನವೂ ಕೇಳಿಬರುತ್ತಿದ್ದ ಹಾಡು ಕಾಗದದ ಮೇಲೆ ‘ಇಳಿದು’ ಹೋಗಿರುತ್ತಿತ್ತು. ಆ ತಿಂಗಳು ಎಣಿಕೆ ಬಿಡಿಎಸ್ ಎಂಬ ವ್ಯವಸ್ಥೆಗೆ ಬಂತು. ಅದು ಪ್ರಸಾರವನ್ನು ಕಂಪ್ಯೂಟರಿನಲ್ಲಿ ಆಲಿಸಿ ಪ್ರತಿ ಹಾಡನ್ನೂ ಅದರ ಧ್ವನಿಯ ಬೆರಳಚ್ಚಿನಿಂದ ಗುರುತಿಸುತ್ತಿತ್ತು.

ಫಲಿತಾಂಶವನ್ನು ಅಂಕಿಗಳೇ ಹೇಳುತ್ತವೆ. ಪಾಲ್ ಮೋರಿಯಾ ಅವರ ವಾದ್ಯವೃಂದದ ‘ಲವ್ ಈಸ್ ಬ್ಲೂ’ 1968ರಲ್ಲಿ ತುದಿಯಲ್ಲಿ 11 ವಾರ ನಿಂತದ್ದು ಇಪ್ಪತ್ತೈದು ವರ್ಷ ಮುರಿಯದ ದಾಖಲೆಯಾಗಿತ್ತು. ಎಣಿಕೆ ಬದಲಾದ 1993ರಲ್ಲೇ ಬಿಲ್ಲಿ ಜೋಯೆಲ್ ಅವರ ‘ದಿ ರಿವರ್ ಆಫ್ ಡ್ರೀಮ್ಸ್’ 12 ವಾರ ನಿಂತಿತು. 1996ರಲ್ಲಿ ಸೆಲೀನ್ ಡಿಯಾನ್ ಅವರ ‘ಬಿಕಾಸ್ ಯೂ ಲವ್ಡ್ ಮಿ’ 19 ವಾರ. 2003ರಲ್ಲಿ ಅಂಕಲ್ ಕ್ರ್ಯಾಕರ್ ಅವರು, 1973ರಲ್ಲಿ ಅದೇ ಹಾಡನ್ನು ಹಿಟ್ ಮಾಡಿದ್ದ ಡೋಬಿ ಗ್ರೇ ಜೊತೆ ಹಾಡಿದ ‘ಡ್ರಿಫ್ಟ್ ಅವೇ’ 28 ವಾರ. ಸ್ಯಾವೇಜ್ ಗಾರ್ಡನ್ ಎಂಬ ಆಸ್ಟ್ರೇಲಿಯಾದ ಜೋಡಿಯ ‘ಟ್ರೂಲಿ ಮ್ಯಾಡ್ಲಿ ಡೀಪ್ಲಿ’ 1998ರ ಜನವರಿಯಲ್ಲಿ ಹಾಟ್ 100ರ ತುದಿ ಮುಟ್ಟಿತು, ಎಸಿ ಪಟ್ಟಿಯಲ್ಲಿ ಮಾತ್ರ ಒಟ್ಟು 123 ವಾರ, ಅಂದರೆ ಎರಡು ವರ್ಷಕ್ಕೂ ಹೆಚ್ಚು ಕಾಲ ಇತ್ತು. ಜನರ ರುಚಿ 1993ರಲ್ಲಿ ಒಮ್ಮೆಲೇ ನಿಧಾನವಾಗಲಿಲ್ಲ. ಮೊದಲಿನಿಂದಲೂ ಅಷ್ಟೇ ನಿಧಾನವಾಗಿದ್ದುದು ಆಗ ಕಾಗದದ ಮೇಲೆ ಕಂಡಿತು.

ಈ ದೀರ್ಘಾಯುಷ್ಯದ ಹಣ ಯಾರಿಗೆ ಹೋಗುತ್ತದೆ ಎಂಬುದು ಮುಖ್ಯ. ಅಮೆರಿಕದಲ್ಲಿ ಎಎಂ, ಎಫ್‌ಎಂ ಪ್ರಸಾರಕ್ಕೆ ಹಾಡು ಬರೆದವರಿಗೆ, ರಾಗ ಹಾಕಿದವರಿಗೆ, ಅವರ ಪ್ರಕಾಶಕರಿಗೆ ರಾಯಲ್ಟಿ ಇದೆ. ಹಾಡಿದವರಿಗೆ ಇಲ್ಲ. ಹಾಗಾಗಿ ಎಸಿ ಸ್ಟೇಷನ್ನಿನ ಗೋಲ್ಡ್ ಗುಂಪು ಗೀತರಚನಕಾರರಿಗೆ ಪಿಂಚಣಿ ಇದ್ದಂತೆ. ‘ಬಿಕಾಸ್ ಯೂ ಲವ್ಡ್ ಮಿ’ ಬರೆದ ಡಯೇನ್ ವಾರೆನ್ ಅಂಥವರು ಇಂಥ ಭಾವಗೀತೆಗಳನ್ನು ಜೀವನವಿಡೀ ಕಡೆದದ್ದರ ಹಿಂದೆ ಕಸುಬಿನ ಪ್ರೀತಿಯಷ್ಟೇ ಈ ವ್ಯವಸ್ಥೆಯ ಸೆಳೆತವೂ ಇದೆ ಎಂದು ನನಗನ್ನಿಸುತ್ತದೆ.

ಕತ್ತರಿಗೆ ಸಿಕ್ಕ ಹಿತ್ತಾಳೆ

ಸೆಳೆತ ಎಷ್ಟು ಬಲವಾದದ್ದು ಎಂದು ತಿಳಿಯಲು ಶಿಕಾಗೊ ತಂಡದ ಒಂದೇ ಹಾಡು ಸಾಕು. 1969ರಲ್ಲಿ ಮೊದಲ ಆಲ್ಬಂ ತಂದಾಗ ಇವರು ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೊಫೋನುಗಳ ಅಬ್ಬರದ ರಾಕ್ ತಂಡ. 1976ರಲ್ಲಿ ಅವರಿಗೆ ಹಾಟ್ 100ರ ಮೊದಲ ಅಗ್ರಸ್ಥಾನ ತಂದುಕೊಟ್ಟದ್ದು ‘ಇಫ್ ಯೂ ಲೀವ್ ಮಿ ನೌ’ ಎಂಬ ಮೆಲುದನಿಯ ಪ್ರೇಮಗೀತೆ. 1982ರಲ್ಲಿ ಡೇವಿಡ್ ಫಾಸ್ಟರ್ ನಿರ್ಮಾಣದಲ್ಲಿ ‘ಹಾರ್ಡ್ ಟು ಸೇ ಐ ಆಮ್ ಸಾರಿ’ ಬಂತು. ಆಲ್ಬಂನಲ್ಲಿ ಕೇಳಿದರೆ ಪಿಯಾನೊ, ತಂತಿವಾದ್ಯಗಳ ಈ ಕ್ಷಮೆಯ ಹಾಡು ಮುಗಿಯುತ್ತಿದ್ದಂತೆ ‘ಗೆಟ್ ಅವೇ’ ಎಂಬ ವೇಗದ ಭಾಗ ಸಿಡಿದೇಳುತ್ತದೆ, ಹಿತ್ತಾಳೆ ವಾದ್ಯಗಳು ತಮ್ಮ ಹಳೆಯ ಅಬ್ಬರದಲ್ಲಿ ಮರಳುತ್ತವೆ. ಎರಡೂ ಸೇರಿ ಐದು ನಿಮಿಷದಷ್ಟು. ರೇಡಿಯೊದಲ್ಲಿ ಮನೆಮಾತಾದ ಆವೃತ್ತಿ ಸುಮಾರು ಮೂರು ಮುಕ್ಕಾಲು ನಿಮಿಷಕ್ಕೆ, ಆ ಸಿಡಿತಕ್ಕೆ ಮುಂಚೆಯೇ ಮುಗಿಯುತ್ತದೆ. ತಂಡ ಯಾವುದಕ್ಕೆ ಹೆಸರಾಗಿತ್ತೋ ಅದೇ ಕತ್ತರಿಗೆ ಹೋಯಿತು. ಹಾಡು ಹಾಟ್ 100, ಎಸಿ ಎರಡರಲ್ಲೂ ಮೊದಲ ಸ್ಥಾನಕ್ಕೇರಿತು.

ಇಂದು ರ್‍ಯಾಪ್ ಭಾಗ ತೆಗೆದ ಆವೃತ್ತಿಗಳನ್ನು ಕಂಪನಿಗಳೇ ಎಸಿಗೆಂದು ಬೇರೆ ಮಾಡಿ ಕಳುಹಿಸುತ್ತವೆ. ಅದೇ ಕತ್ತರಿ, ವಾದ್ಯ ಬೇರೆ.

ಇದೇ ಸ್ಟೇಷನ್ನುಗಳು ಒಂದು ದೊಡ್ಡ ಬಾಗಿಲನ್ನೂ ತೆರೆದವು. ಎಂಬತ್ತರ ದಶಕದಲ್ಲಿ ಲಯನೆಲ್ ರಿಚಿ, ವಿಟ್ನಿ ಹ್ಯೂಸ್ಟನ್ ಅಂಥ ಕಪ್ಪು ಗಾಯಕರ ದನಿಯನ್ನು ಬಿಳಿಯರ ಮನೆ, ಆಫೀಸುಗಳ ದಿನನಿತ್ಯದ ದನಿ ಮಾಡುವಲ್ಲಿ ಎಸಿ ಪಾತ್ರ ದೊಡ್ಡದು. 1985ರ ‘ಸೇವಿಂಗ್ ಆಲ್ ಮೈ ಲವ್ ಫಾರ್ ಯೂ’ ಹಾಟ್ 100ರಲ್ಲೂ ಎಸಿಯಲ್ಲೂ ಅಗ್ರಸ್ಥಾನಕ್ಕೆ ಬಂತು. ಆದರೆ ಒಳಗೆ ಬಿಟ್ಟುಕೊಂಡದ್ದು ಮುಖ್ಯವಾಗಿ ನಿಧಾನದ ಪ್ರೇಮಗೀತೆಗಳನ್ನು. ಅದೇ ಪರಂಪರೆಯ ಕುಣಿತದ, ಫಂಕ್‌ನ ಹಾಡುಗಳು ಬಹುಮಟ್ಟಿಗೆ ಹೊರಗೇ ಉಳಿದವು. ಈ ಸಂಗೀತವನ್ನು ಮನಸಾರೆ ಮೆಚ್ಚುವವರೂ ಆ ನಷ್ಟವನ್ನು ಒಪ್ಪಿಕೊಳ್ಳಬೇಕು.

1996ರ ದೂರಸಂಪರ್ಕ ಕಾಯ್ದೆ ಇನ್ನೊಂದು ಪೆಟ್ಟು ಕೊಟ್ಟಿತು. ಅದುವರೆಗೆ ಒಂದು ಕಂಪನಿ ದೇಶಾದ್ಯಂತ ಇಷ್ಟೇ ಸ್ಟೇಷನ್ ಹೊಂದಬಹುದೆಂಬ ಮಿತಿ ಇತ್ತು, ಕಾಯ್ದೆ ಅದನ್ನು ತೆಗೆದುಹಾಕಿತು. ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಎಂಬ ಕಂಪನಿಯೊಂದೇ 1,200ರಷ್ಟು ಸ್ಟೇಷನ್ನುಗಳ ಒಡೆಯನಾಯಿತು. ಒಂದು ಊರಿನಲ್ಲಿ ಪರೀಕ್ಷಿಸಿದ ಪಟ್ಟಿಯನ್ನು ಹತ್ತು ಊರಿಗೆ ಬಳಸುವುದು ಅಗ್ಗ. ಬಾಸ್ಟನ್ನಿನ ಎಸಿಗೂ ಫೀನಿಕ್ಸಿನ ಎಸಿಗೂ ಇದ್ದ ವ್ಯತ್ಯಾಸ ಸವೆಯಿತು.

ಮಾಪನದ ಯಂತ್ರವೂ ಹಾಡನ್ನು ಬದಲಿಸಬಲ್ಲದು ಎಂಬುದು ಆಮೇಲೆ ಕಂಡಿತು. 2007ರಿಂದ ದೊಡ್ಡ ನಗರಗಳಲ್ಲಿ ಯಾವ ಸ್ಟೇಷನ್ನು ಕೇಳಿದೆವೆಂದು ಕೇಳುಗರೇ ಬರೆದಿಡುತ್ತಿದ್ದ ಡೈರಿಯ ಬದಲು ಪಿಪಿಎಂ ಎಂಬ ಪೇಜರಿನಂಥ ಪುಟ್ಟ ಸಾಧನ ಬಂತು. ಸ್ಟೇಷನ್ನು ತನ್ನ ಪ್ರಸಾರದಲ್ಲಿ ಕಿವಿಗೆ ಕೇಳದ ಸಂಕೇತ ಸೇರಿಸುತ್ತದೆ, ಸಾಧನ ಅದನ್ನು ಹಿಡಿಯುತ್ತದೆ. ಆ ಸಂಕೇತ ಅಡಗಿ ಕೂರುವುದು ಸಂಗೀತದ ಸದ್ದಿನ ಮರೆಯಲ್ಲಿ. ತುಂಬು ಸದ್ದಿನ ಹಾಡಿನಲ್ಲಿ ಮರೆ ಬೇಕಾದಷ್ಟು. ಒಂದು ಪಿಯಾನೊ, ಒಂದು ದನಿ, ನಡುವೆ ಮೌನ ಇರುವಲ್ಲಿ ಕಡಿಮೆ. ಮೆಲುದನಿಯ ಸಂಗೀತ ಹಾಕುವವರು ತಮ್ಮ ಕೇಳುಗರು ಲೆಕ್ಕಕ್ಕೆ ಬರುತ್ತಿಲ್ಲವೆಂದು ದೂರಿದರು. 2015ರಲ್ಲಿ ಮಾಪನ ಸಂಸ್ಥೆ ಸಂಕೇತವನ್ನು ಬಲಪಡಿಸಿತು.

ನವೆಂಬರಿನಲ್ಲಿ ಮರಳುವವರು

ಗೋಲ್ಡ್ ಗುಂಪು ನಿಂತ ನೀರಲ್ಲ. ಜನಕ್ಕೆ ತಮ್ಮ ಹದಿಹರೆಯದ ಹಾಡು ಕೊನೆತನಕ ಹಿತ. ಈ ವರ್ಷ ನಲವತ್ತಾದವರು 1998ರಲ್ಲಿ ಹನ್ನೆರಡು ಹದಿಮೂರರ ಆಸುಪಾಸಿನವರು. ಅವರಿಗೆ ಸ್ಯಾವೇಜ್ ಗಾರ್ಡನ್ ಹಳೆಯ ಹಾಡು, ಕಾರ್ಪೆಂಟರ್ಸ್ ಅಜ್ಜಿಯ ಹಾಡು. ಜಾಹೀರಾತಿನ ಲೆಕ್ಕ 54ಕ್ಕೆ ಮುಗಿಯುವುದರಿಂದ ಪ್ರತಿ ವರ್ಷ ಗುಂಪಿನ ಹಿಂದಿನ ತುದಿಯಿಂದ ಹಾಡುಗಳು ಉದುರುತ್ತವೆ. ಮೊದಲು ಅರವತ್ತರ ದಶಕ ಹೋಯಿತು, ಆಮೇಲೆ ಎಪ್ಪತ್ತರದು. ಎಸಿ ರೇಡಿಯೊವನ್ನು ಕಟ್ಟಿದ ದನಿಗಳೇ ಇಂದಿನ ಮೇನ್‌ಸ್ಟ್ರೀಮ್ ಎಸಿಯಲ್ಲಿ ಬಹುಪಾಲು ಕೇಳಿಸುವುದಿಲ್ಲ.

ವರ್ಷದಲ್ಲಿ ಆರು ವಾರ ಬಿಟ್ಟು. ನವೆಂಬರಿನ ನಡುವೆ ಅಮೆರಿಕದ ಹಲವಾರು ಎಸಿ ಸ್ಟೇಷನ್ನುಗಳು ತಮ್ಮ ಇಡೀ ಪಟ್ಟಿಯನ್ನು ಬದಿಗಿಟ್ಟು ದಿನದ 24 ಗಂಟೆ ಕ್ರಿಸ್ಮಸ್ ಹಾಡು ಮಾತ್ರ ಹಾಕುತ್ತವೆ. ಎಂಟು ಜನರ ಆಫೀಸಿನ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ: ಎಲ್ಲ ವಯಸ್ಸಿನವರಿಗೂ ಗೊತ್ತಿರುವ ಹಾಡು, ಬೇಡವೆನ್ನುವವರು ಕಡಿಮೆ, ಮತ್ತು ಹತ್ತೂವರೆ ತಿಂಗಳ ವಿಶ್ರಾಂತಿಯಿಂದ ಬರ್ನ್ ಇಲ್ಲ. ಕೇಳುಗರ ಪಾಲು ಆ ವಾರಗಳಲ್ಲಿ ಎದ್ದುಕಾಣುವಷ್ಟು ಏರುತ್ತದೆ. 1994ರಲ್ಲಿ ಬಂದ ಮರಾಯ ಕೇರಿ ಅವರ ‘ಆಲ್ ಐ ವಾಂಟ್ ಫಾರ್ ಕ್ರಿಸ್ಮಸ್ ಈಸ್ ಯೂ’ 25 ವರ್ಷ ಕಳೆದು, 2019ರ ಡಿಸೆಂಬರಿನಲ್ಲಿ ಹಾಟ್ 100ರ ತುದಿ ಮುಟ್ಟಿತು. ಸ್ಟ್ರೀಮಿಂಗ್ ಅದನ್ನು ಮೇಲೆತ್ತಿದ್ದು ನಿಜ, ಅಷ್ಟು ವರ್ಷ ಪ್ರತಿ ಡಿಸೆಂಬರಿನಲ್ಲೂ ಅದನ್ನು ಜನರ ಕಿವಿಯಲ್ಲಿ ಉಳಿಸಿದ್ದರಲ್ಲಿ ರೇಡಿಯೊದ ಪಾಲು ಸಣ್ಣದಲ್ಲ.

ಕ್ರಿಸ್ಮಸ್ ಪಟ್ಟಿಗೆ ವಯಸ್ಸಿನ ಕತ್ತರಿ ತಾಕುವುದಿಲ್ಲ. ಆದ್ದರಿಂದ ಆ ಆರು ವಾರ, ಕಾರ್ಪೆಂಟರ್ಸ್ 1970ರಲ್ಲಿ ತಂದ ‘ಮೆರಿ ಕ್ರಿಸ್ಮಸ್ ಡಾರ್ಲಿಂಗ್’ ಮತ್ತೆ ಕೇಳಿಬರುತ್ತದೆ. 1983ರಲ್ಲಿ, ಮೂವತ್ತೆರಡನೇ ವಯಸ್ಸಿಗೆ ತೀರಿಹೋದ ಕ್ಯಾರೆನ್ ಅವರ ಆ ತಗ್ಗಿನ ದನಿ ಕ್ಲಿನಿಕ್ಕಿನ ಚಾವಣಿಯಿಂದ ಇಳಿದು ಬರುತ್ತದೆ, ಹೆಸರು ಗೊತ್ತಿಲ್ಲದವರೂ ಜೊತೆಗೆ ಗುನುಗುತ್ತಾರೆ. ಡಿಸೆಂಬರ್ 26ಕ್ಕೆ ಪಟ್ಟಿ ಬದಲಾಗುತ್ತದೆ.